ಫೈರ್‌ವಾಲಿಗೆ ಕೊಟ್ಟ ರಜೆ

ಚೆನ್ನೈ ಪೋರೂರಿನ ಆ ಆಸ್ಪತ್ರೆಯ ತಾರಸಿ ಹತ್ತಿದರೆ ಒಂದು ಕಡೆ ಕೆರೆ ಕಾಣುತ್ತಿತ್ತು, ಇನ್ನೊಂದು ಕಡೆ ಹಗಲಿಡೀ ಹಾರ್ನ್ ಹೊಡೆಯುವ ರಸ್ತೆ. ರಸ್ತೆಯಾಚೆಗೆ ಆಸ್ಪತ್ರೆಯವರೇ ಕಟ್ಟಿಸಿದ ಹೊಸ ಕಟ್ಟಡ. ಅದರಲ್ಲಿ ಡಯಾಲಿಸಿಸ್ ವಿಭಾಗ ಮತ್ತು ಹೊಸ ಲ್ಯಾಬ್ ತೆರೆಯುವುದಿತ್ತು. ಅಲ್ಲಿ ಮಾಡಿದ ರಕ್ತಪರೀಕ್ಷೆಯ ಫಲಿತಾಂಶ ಹಳೆಯ ಕಟ್ಟಡದ ಸರ್ವರಿಗೆ ತಲುಪಬೇಕು. ರಸ್ತೆ ಅಗೆದು ಕೇಬಲ್ ಹಾಕಲು ಅನುಮತಿ ಸಿಗಲಿಲ್ಲ. ಹಾಗಾಗಿ ಎರಡು ತಾರಸಿಗಳ ಮೇಲೆ ಎರಡು ಆ್ಯಂಟೆನಾ ನಿಲ್ಲಿಸಿ, ಗಾಳಿಯಲ್ಲೇ ಜಾಲ ಕಟ್ಟುವ ಕೆಲಸ ನಮ್ಮ ಪಾಲಿಗೆ ಬಂತು. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದ ಕಾಲ. ವೈರ್‌ಲೆಸ್ ಎಂದರೆ ಜನಕ್ಕೆ ಇನ್ನೂ ಪೊಲೀಸರ ವಾಕಿಟಾಕಿಯೇ ನೆನಪಾಗುತ್ತಿತ್ತು.

ನಾವು ಎಂದರೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಇಬ್ಬರು. ನಂಜನಗೂಡಿನ ಕಡೆಯಿಂದ ಹೋಗಿ ಪೋರೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೊಳೆಯುತ್ತಿದ್ದ ನಾನು, ಮತ್ತು ನಮ್ಮ ಮ್ಯಾನೇಜರ್. ಅವರು ತಿರುವಲ್ಲಿಕ್ಕೇಣಿಯ ಮಾಧ್ವರು. ತಾತನ ಕಾಲದಿಂದ ಮದರಾಸಿನವರು. ಮನೆಮಾತು ಕನ್ನಡ, ಆದರೆ ಅದರಲ್ಲಿ ತಮಿಳು ಎಷ್ಟು ಕಲೆತಿತ್ತೆಂದರೆ ಮೊದಲ ವಾರ ಅವರು ಕನ್ನಡ ಮಾತಾಡುತ್ತಿದ್ದಾರೆ ಎಂಬುದೇ ನನಗೆ ಹೊಳೆದಿರಲಿಲ್ಲ. ಹಣೆಯ ಮೇಲೆ ಅಂಗಾರ ಅಕ್ಷತೆ, ಜೇಬಿನಲ್ಲಿ ಸ್ಕ್ರೂಡ್ರೈವರ್. ನಿವೃತ್ತಿಗೆ ಕೆಲವು ತಿಂಗಳಷ್ಟೇ ಉಳಿದಿತ್ತು. ನಾನು ಕೆಲಸಕ್ಕೆ ಸೇರಿದ ದಿನ ನನ್ನನ್ನು ಸರ್ವರ್ ರೂಮಿಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿದ್ದ ಒಂದು ಸಾದಾ ಪೆಟ್ಟಿಗೆಯನ್ನು ತೋರಿಸಿದ್ದರು. ಅದು ನಾಲ್ಕು ನೆಟ್‌ವರ್ಕ್ ಕಾರ್ಡ್ ಹಾಕಿ ಅವರೇ ಜೋಡಿಸಿದ್ದ ಕಂಪ್ಯೂಟರ್. ಅದೇ ನಮ್ಮ ಫೈರ್‌ವಾಲ್.

"ನೋಡಮ್ಮ, ನಮ್ಮ ಅಜ್ಜಿ ಮನೆ ಮಾದಿರಿ ಇದು," ಅಂದಿದ್ದರು. "ಒಂದು ಕಾರ್ಡ್ ಬೀದಿಗೆ. ಬೀದಿ ಅಂದ್ರೆ ಇಂಟರ್‌ನೆಟ್ಟು. ಒಂದು ತಿಣ್ಣೈಗೆ. ತಿಣ್ಣೈ ಅಂದ್ರೆ ನಿಮ್ಮೂರಲ್ಲಿ ಏನಂತೀರ, ಜಗಲಿ. ಅಲ್ಲಿ ವೈರ್‌ಲೆಸ್ ಲ್ಯಾಪ್‌ಟಾಪ್‌ಗಳು ಕೂತ್ಕೋಬೇಕು. ಒಂದು ಹಿತ್ಲಿಗೆ, ಅದು ನಾಳೆ ಬರೋ ಹೊಸ ಲ್ಯಾಬು. ನಾಲ್ಕನೇದು ಅಡುಗೆಮನೆ. ಲ್ಯಾಬ್ ಸರ್ವರು, ವಾರ್ಡಿನ ಮೆಷಿನ್‌ಗಳು ಎಲ್ಲಾ ಅಲ್ಲಿ. ತಿಣ್ಣೈನೋರು ತಿಣ್ಣೈಲೇ ಇರ್ಬೇಕು. ಬೇಕಾದ್ದು ಕೇಳಿದ್ರೆ ಕಿಟಕೀಲಿ ಕೊಡೋದು. ಒಳಗೆ ಬಿಟ್ಕೊಳ್ಳೋಹಾಗಿಲ್ಲ. ಮಡಿ."

"ನಮ್ಮನೇಲಿ ನಾಯೀನೂ ಅಡುಗೆಮನೆಗೆ ಬರ್ತಿತ್ತು ಸಾರ್," ಎಂದೆ.

"ಅದುಕ್ಕೇ ನಿನ್ನ ಕಂಪ್ಯೂಟರಲ್ಲಿ ಅಷ್ಟು ವೈರಸ್ಸು," ಎಂದು ನಕ್ಕರು.

ನಿಯಮಗಳನ್ನು ಆ ಪೆಟ್ಟಿಗೆ ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗುತ್ತಿತ್ತು. ಯಾವ ಯಂತ್ರ ಯಾವ ಯಂತ್ರದೊಡನೆ ಯಾವ ಬಾಗಿಲಿನಿಂದ ಮಾತಾಡಬಹುದು ಎಂದು ಒಂದೊಂದೇ ಸಾಲು. ಕೊನೆಯ ಸಾಲು ಒಂದೇ ಮಾತು: ಮೇಲೆ ಹೆಸರಿಲ್ಲದವರಿಗೆ ಬಾಗಿಲಿಲ್ಲ. ಈ ಕೊನೆಯ ಸಾಲನ್ನು ಮ್ಯಾನೇಜರ್ ಸ್ತೋತ್ರದ ಫಲಶ್ರುತಿಯಷ್ಟೇ ಶ್ರದ್ಧೆಯಿಂದ ಕಾಪಾಡುತ್ತಿದ್ದರು. ಪೆಟ್ಟಿಗೆಗೆ ತನ್ನದೇ ವಿಳಾಸ ಎಂಬುದಿರಲಿಲ್ಲ. ಇಡೀ ಆಸ್ಪತ್ರೆಯ ಯಂತ್ರಗಳ ವಿಳಾಸ ಬದಲಿಸುವ ತಲೆನೋವು ಬೇಡವೆಂದು ಅವರು ಅದನ್ನು ಹಾಲು ಸೋಸುವ ಬಟ್ಟೆಯ ಹಾಗೆ ದಾರಿಯ ನಡುವೆ ಇಟ್ಟಿದ್ದರು. ಬಟ್ಟೆ ತೆಗೆದರೂ ಹಾಲು ಹರಿಯುತ್ತದೆ. ಕಸವೂ ಹರಿಯುತ್ತದೆ, ಅಷ್ಟೇ ವ್ಯತ್ಯಾಸ.

ಆಸ್ಪತ್ರೆಯ ಮುಖ್ಯಸ್ಥೆ ಒಬ್ಬರು ಸರ್ಜನ್. ಮಾತು ಕಡಿಮೆ, ಕಣ್ಣು ಚುರುಕು. ಅವರಿಗೆ ವೈರ್‌ಲೆಸ್ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಕಣ್ಣಿಗೆ ಕಾಣದ ದಾರಿಯಲ್ಲಿ ರೋಗಿಯ ರಕ್ತದ ಲೆಕ್ಕ ಹೋಗುವುದು ಅವರಿಗೆ ಸರಿಬರಲಿಲ್ಲ. ವಾರ್ಡ್ ಬಾಯ್ ರಸ್ತೆ ದಾಟಿ ಕಾಗದ ತಂದುಕೊಟ್ಟರೆ ತಪ್ಪೇನು ಎಂದು ಕೇಳಿದರು. ನಮ್ಮ ಮ್ಯಾನೇಜರ್ ಅವರ ಮುಂದೆ ಕೈಕಟ್ಟಿ ನಿಂತು, "ನನ್ನ ಹೊಣೆ ಮೇಡಂ, ಇಷ್ಟು ವರ್ಷದಲ್ಲಿ ನಾನು ಒಂದು ಸಲವಾದರೂ ಸುಮ್ಮಸುಮ್ಮನೆ ಹೊಣೆ ಅಂದಿದ್ದೀನಾ?" ಎಂದು ತಮಿಳಿನಲ್ಲಿ ಹೇಳಿದರು. ಮುಖ್ಯಸ್ಥೆ ಸ್ವಲ್ಪ ಯೋಚಿಸಿ ಒಪ್ಪಿದರು. ವಿಜಯದಶಮಿಯ ದಿನ ಹೊಸ ಕಟ್ಟಡದ ಉದ್ಘಾಟನೆ. ಅಷ್ಟರೊಳಗೆ ಒಂದೇ ಒಂದು ತೊಂದರೆ ಕಂಡರೂ ಆ್ಯಂಟೆನಾ ಇಳಿಸಿ, ಕಾಗದ ಹೊರುವವರನ್ನು ನೇಮಿಸುವುದು. ಅದು ಷರತ್ತು.

ಅಂದಿನಿಂದ ನನ್ನ ಹಗಲುಗಳೆಲ್ಲ ತಾರಸಿಯ ಮೇಲೇ. ಒಂದು ತಾರಸಿಯಲ್ಲಿ ನಾನು, ಎದುರಿನ ತಾರಸಿಯಲ್ಲಿ ಎಲೆಕ್ಟ್ರಿಷಿಯನ್ ಅಣ್ಣ. ಮೊಬೈಲಿನಲ್ಲಿ ಮಾತಾಡಿದರೆ ದುಡ್ಡು ಸುಡುತ್ತದೆಂದು ಕೈಸನ್ನೆಯಲ್ಲೇ ಕೆಲಸ. ನಾನು ಎಡಗೈ ಎತ್ತಿದರೆ ಅವರು ಆ್ಯಂಟೆನಾವನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಬೇಕು, ಎರಡೂ ಕೈ ಎತ್ತಿದರೆ ನಟ್ಟು ಬಿಗಿಯಬೇಕು. ಕೆಳಗೆ ಬಸ್ಸಿಗೆ ಕಾಯುವ ಜನ ತಲೆಯೆತ್ತಿ, ಈ ಹುಡುಗಿಗೆ ಏನಾಗಿದೆಯೋ ಎಂಬಂತೆ ನೋಡುತ್ತಿದ್ದರು.

ಬಿಸಿಲಿದ್ದಾಗ ಸಿಗ್ನಲ್ ಚೆನ್ನಾಗಿರುತ್ತಿತ್ತು. ಪುರಟ್ಟಾಸಿ ತಿಂಗಳ ಮಳೆ ಶುರುವಾದದ್ದೇ ತಡ, ಕುಸಿಯಿತು. ಮಳೆಯೇ ಕಾರಣವೆಂದುಕೊಂಡು ಆ್ಯಂಟೆನಾದ ಕಂಬ ಎತ್ತರಿಸಿದೆವು, ಪ್ರಯೋಜನವಾಗಲಿಲ್ಲ. ಆಮೇಲೆ ಕೇಬಲ್ ಕಳಚಿ ನೋಡಿದರೆ ಕನೆಕ್ಟರಿನೊಳಗೆ ನೀರು ಕೂತು ತಾಮ್ರ ಹಸಿರು ತಿರುಗಿತ್ತು. ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ನೀರು ಜಾರಿಹೋಗಲೆಂದು ಕೇಬಲನ್ನು ಆ್ಯಂಟೆನಾದ ಪೆಟ್ಟಿಗೆಯ ಕೆಳಗೆ ಒಂದು ಸುತ್ತು ಇಳಿಬಿಟ್ಟು ಕಟ್ಟಿದೆ. ಮುಂದಿನ ಮಳೆಗೆ ನಾವಿಬ್ಬರೂ ಕೊಡೆ ಹಿಡಿದು ತಾರಸಿಯ ಮೇಲೆ ನಿಂತೆವು. ಲ್ಯಾಪ್‌ಟಾಪಿನ ಪರದೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳು ಒಂದೂ ಇಳಿಯಲಿಲ್ಲ. ಮ್ಯಾನೇಜರ್ ನೆನೆದ ಪಂಚೆಯಲ್ಲೇ ಕುಣಿಯುವುದೊಂದು ಬಾಕಿ. "ಇಪ್ಪೋ ಮೇಡಂನ ಕರ್ಕೊಂಡು ಬಂದು ಇಲ್ಲಿ ನಿಲ್ಲಿಸ್ಬೇಕಮ್ಮ, ನೆನೀಲಿ ಕೊಂಜ!" ಎಂದರು. ಆ ಸಂಜೆ ರಸ್ತೆಬದಿಯಲ್ಲಿ ನನಗೆ ಬಿಸಿ ಬಜ್ಜಿ ಕೊಡಿಸಿ, ತಾವು ಹೊರಗಿನದು ತಿನ್ನುವುದಿಲ್ಲವೆಂದು ಪಕ್ಕದಲ್ಲಿ ನಿಂತು ವಾಸನೆ ಮಾತ್ರ ತೆಗೆದುಕೊಂಡರು. ಎಷ್ಟು ಕಂಪನಿಗಳ ಎಷ್ಟು ಪಾರ್ಟಿಗಳಿಗೆ ಹೋಗಿದ್ದೇನೆ ಆಮೇಲೆ, ಆ ಬಜ್ಜಿಯ ಸಂತೋಷ ಮತ್ತೆ ಸಿಕ್ಕಿಲ್ಲ.

ಆಯುಧಪೂಜೆ ಬಂತು. ಮಾರನೆಯ ದಿನವೇ ಉದ್ಘಾಟನೆ. ಚೆನ್ನೈಯಲ್ಲಿ ಈ ಪೂಜೆಯ ಗದ್ದಲ ನಮ್ಮ ಮೈಸೂರು ಸೀಮೆಗೇನೂ ಕಡಿಮೆಯಿಲ್ಲ. ಆಟೋ, ಲೇತು, ತಕ್ಕಡಿ, ಹೊಲಿಗೆ ಯಂತ್ರ ಎಲ್ಲಕ್ಕೂ ಗಂಧ ಕುಂಕುಮ, ಎಲ್ಲಕ್ಕೂ ಆ ದಿನ ವಿಶ್ರಾಂತಿ. ಮರುದಿನ ಒಳ್ಳೆಯ ಹೊತ್ತು ನೋಡಿ ಎತ್ತಿಕೊಳ್ಳುವವರೆಗೆ ಯಾರೂ ಮುಟ್ಟುವಂತಿಲ್ಲ. ಆಸ್ಪತ್ರೆಗೆ ರಜೆ ಇಲ್ಲವಾದ್ದರಿಂದ ಅಲ್ಲಿ ಪೂಜೆ ಮುಗಿದ ಕೂಡಲೇ ಕೆಲಸ ಮುಂದುವರಿಯುತ್ತಿತ್ತು. ನಾನು ಬೆಳಗ್ಗೆಯೇ ಹೊಸ ಕಟ್ಟಡಕ್ಕೆ ಹೋದೆ. ಡಯಾಲಿಸಿಸ್ ರೋಗಿಗಳ ರಕ್ತವನ್ನು ಅಂದು ಹೊಸ ಲ್ಯಾಬಿನಲ್ಲೇ ಪರೀಕ್ಷಿಸಿ, ಫಲಿತಾಂಶವನ್ನು ಗಾಳಿಯ ಮೇಲೆ ಕಳಿಸಿ ನೋಡುವುದೆಂದು ಮಾತಾಗಿತ್ತು. ಸರ್ವರ್ ರೂಮಿನ ಪೂಜೆ ಮ್ಯಾನೇಜರ್ ಪಾಲಿಗೆ.

ಮೊದಲ ಕೆಲವು ಫಲಿತಾಂಶಗಳು ಸಲೀಸಾಗಿ ಹೋದವು. ಲ್ಯಾಬಿನ ಟೆಕ್ನಿಷಿಯನ್ ಹೆಂಗಸು ಪುರಿಯೂ ಕಡಲೆಯೂ ತುಂಬಿದ ಕಾಗದದ ಪೊಟ್ಟಣವನ್ನು ನನ್ನ ಕೈಗಿಟ್ಟರು. ನಾನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅವರ ಪರದೆಯ ಮೇಲೆ ಒಂದು ಬೂದು ಚೌಕ ಎದ್ದು ನಿಂತಿತು: ಈ ಯಂತ್ರ ಇನ್ನೊಂದು ನಿಮಿಷದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಳಗೆ ಇಳಿಯುತ್ತಿರುವ ಎಣಿಕೆ. ಪಕ್ಕದ ಮೇಜಿನ ಯಂತ್ರದಲ್ಲೂ ಅದೇ. ಆ ವರ್ಷಗಳಲ್ಲಿ ಈ ಕೆಲಸ ಮಾಡಿದವರಿಗೆ ಆ ಚೌಕ ಕಂಡರೆ ಸಾಕು, ಏನೆಂದು ಗೊತ್ತಾಗುತ್ತಿತ್ತು. ಅದು ಹುಳ. ಯಾರೂ ಏನೂ ತೆರೆಯದೆ, ಒತ್ತದೆ, ಜಾಲದ ಮೇಲೆ ತಾನೇ ಹರಿದಾಡಿ ಯಂತ್ರದಿಂದ ಯಂತ್ರಕ್ಕೆ ಹಾಯುವ ಜಾತಿ.

ಹಳೆಯ ಕಟ್ಟಡಕ್ಕೆ ಫೋನ್ ಮಾಡಿದರೆ ಅಲ್ಲೂ ಅದೇ ಕಥೆ. ಐಸಿಯುವಿನ ನರ್ಸ್ ಒಬ್ಬರು ಅಳುವ ದನಿಯಲ್ಲಿ, ಪೇಷಂಟಿನ ಪೊಟ್ಯಾಸಿಯಂ ಎಷ್ಟೆಂದು ನೋಡುವಷ್ಟರಲ್ಲಿ ಮೆಷಿನ್ ಆಫ್ ಆಗುತ್ತಿದೆ ಎಂದರು. ಟೆಕ್ನಿಷಿಯನ್ನಿಗೆ, "ಅಕ್ಕಾ, ಎಲ್ಲಾನೂ ಪೇಪರಲ್ಲಿ ಬರೆದು ಆಳು ಕೈಲಿ ಕಳ್ಸಿ," ಎಂದು ಹೇಳಿ ನಾನು ರಸ್ತೆ ದಾಟಿ ಓಡಿದೆ. ಕಾಗದ ಹೊರುವವರನ್ನು ಬೇಡವೆನ್ನಿಸಲು ಹೊರಟವಳು ನಾನೇ ಕಾಗದ ಹೊರಿಸುವ ಹಾಗಾಯಿತು.

ಮೊದಲು ಮಾಡಿದ್ದು ಡಾಕ್ಟರರ ಲ್ಯಾಪ್‌ಟಾಪುಗಳಿಗೆಂದು ವಾರ್ಡುಗಳಲ್ಲಿ ಇಟ್ಟಿದ್ದ ವೈರ್‌ಲೆಸ್ ಪೆಟ್ಟಿಗೆಗಳ ಕರೆಂಟು ತೆಗೆಸಿದ್ದು. ಆಮೇಲೆ ನನ್ನ ಲ್ಯಾಪ್‌ಟಾಪನ್ನು ಜಾಲಕ್ಕೆ ಚುಚ್ಚಿ, ಹಾದುಹೋಗುವ ಮಾತುಕತೆಯನ್ನು ಕದ್ದು ಕೇಳುವ ಪ್ರೋಗ್ರಾಮ್ ಓಡಿಸಿದೆ. ಎಲ್ಲಾ ಯಂತ್ರಗಳೂ ಒಂದೇ ಬಾಗಿಲನ್ನು ಬಡಿಯುತ್ತಿದ್ದವು. ಹಿಂದಕ್ಕೆ ಹಿಡಿದುಕೊಂಡು ಹೋದರೆ ಮೊದಲು ಬಡಿದದ್ದು ಒಬ್ಬ ಕಿರಿಯ ಡಾಕ್ಟರರ ಸ್ವಂತ ಲ್ಯಾಪ್‌ಟಾಪ್. ಮನೆಯಿಂದ ಹುಳ ಹೊತ್ತು ತಂದಿತ್ತು. ಇದು ಆಶ್ಚರ್ಯದ ಮಾತಲ್ಲ. ಡಾಕ್ಟರರ ಲ್ಯಾಪ್‌ಟಾಪುಗಳನ್ನು ನಂಬಲಾಗದು ಎಂದೇ ಅವನ್ನು ಜಗಲಿಯ ಮೇಲೆ ಕೂರಿಸಿದ್ದು. ಜಗಲಿಯ ಹುಳ ಅಡುಗೆಮನೆಗೆ, ಅಲ್ಲಿಂದ ಹಿತ್ತಿಲಿಗೆ ಹೇಗೆ ಬಂತು? ಲ್ಯಾಬಿನ ಸಾಫ್ಟ್‌ವೇರ್ ಮಾರಿದ ಕಂಪನಿಯವರು ವಿಂಡೋಸಿನ ತೂತು ಮುಚ್ಚುವ ಹೊಸ ತೇಪೆ ಹಾಕಿದರೆ ತಾವು ಜವಾಬ್ದಾರರಲ್ಲ ಎಂದಿದ್ದರಿಂದ ಒಳಗಿನ ಯಂತ್ರಗಳಿಗೆ ಫೈರ್‌ವಾಲ್ ಒಂದೇ ರಕ್ಷೆ. ಅದನ್ನು ದಾಟುವುದು ಸಾಧ್ಯವೇ ಇರಲಿಲ್ಲ.

ಸರ್ವರ್ ರೂಮಿನ ಬಾಗಿಲು ತೆರೆದೆ. ಊದುಬತ್ತಿಯ ಘಮ. ಸರ್ವರುಗಳು ಕುಂಕುಮವಿಟ್ಟುಕೊಂಡು ಗುಂಯ್ಗುಡುತ್ತಿದ್ದವು. ಮೂಲೆಯಲ್ಲಿ ಫೈರ್‌ವಾಲ್, ಮೈತುಂಬ ಗಂಧ, ಕೊರಳಿಗೆ ಸೇವಂತಿಗೆ ಹಾರ, ಮುಂದೆ ಬಾಳೆಹಣ್ಣು. ದೀಪಗಳು ಆರಿದ್ದವು. ಅದರ ನಾಲ್ಕೂ ಕೇಬಲುಗಳನ್ನು ಅಚ್ಚುಕಟ್ಟಾಗಿ ಬಿಚ್ಚಿ ಪಕ್ಕದ ಒಂದು ಸಾದಾ ಸ್ವಿಚ್ಚಿಗೆ ಸೇರಿಸಲಾಗಿತ್ತು. ಬೀದಿ, ಜಗಲಿ, ಹಿತ್ತಿಲು, ಅಡುಗೆಮನೆ ಎಲ್ಲಾ ಒಂದೇ ಬಯಲು.

ಮ್ಯಾನೇಜರ್ ಪರದೆಯ ಮುಂದೆ ಕೂತು ಸರ್ವರು ತಾನೇ ಬರೆದಿಡುವ ದಿನಚರಿ, ಅದರ ಲಾಗ್, ಓದುತ್ತಿದ್ದರು. ಮುಖ ಬೆವರಿತ್ತು.

"ಸಾರ್, ಇದನ್ಯಾರು ಬಿಚ್ಚಿದ್ದು?"

"ನಾನೇಮ್ಮ," ಎಂದರು, ಏನೂ ಆಗದವರ ಹಾಗೆ. "ಇವತ್ತು ಆಯುಧಕ್ಕೆ ರೆಸ್ಟ್ ಕೊಡ್ಬೇಕಲ್ಲ. ಸರ್ವರ್ ನಿಲ್ಲಿಸೋಕಾಗತ್ತಾ? ಪೇಷಂಟ್ ಪಾವಂ ಅಲ್ವಾ. ಪ್ರಿಂಟರ್ ನಿಲ್ಲಿಸೋಕಾಗಲ್ಲ. ಅವೆಲ್ಲ ಕೆಲಸ ಮಾಡೋ ಸಾಮಾನು. ನಮ್ಮ ಡಿಪಾರ್ಟ್‌ಮೆಂಟಲ್ಲಿ ಆಯುಧ ಅಂದ್ರೆ ಇದೊಂದೇ. ಇದಿಲ್ದೇ ಇದ್ರೂ ಯಾರ ಕೆಲ್ಸಾನೂ ನಿಲ್ಲಲ್ಲ. ಅದುಕ್ಕೆ ಒಂದು ದಿವ್ಸ…"

ಮಾತು ಅಲ್ಲಿಗೇ ನಿಂತಿತು. ತಾವು ಹೇಳಿದ್ದು ಅವರ ಕಿವಿಗೇ ಆಗ ಬಿತ್ತೆಂದು ತೋರುತ್ತದೆ. ಲಾಗಿನ ಕಡೆ ನೋಡಿದರು, ಹಾರದ ಕಡೆ ನೋಡಿದರು. ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಮಳೆಯಲ್ಲಿ ನೆನೆದು ಕಟ್ಟಿದ್ದನ್ನು ಇವರು ಹೂವಿನಿಂದ ಕೆಡವಿದರಲ್ಲ ಎಂದು. ಆದರೆ ಆ ಮುಖ ನೋಡಿ ಅದನ್ನು ಬದಿಗಿಟ್ಟೆ.

"ಈಗ್ಲೇ ಆನ್ ಮಾಡೋಣ ಸಾರ್. ಇದು ಮಧ್ಯ ನಿಲ್ಲದಿದ್ರೆ ಒಂದು ಕಡೆ ಕ್ಲೀನ್ ಮಾಡಿದ್ದನ್ನ ಹುಳ ಇನ್ನೊಂದು ಕಡೆಯಿಂದ ಬಂದು ಮತ್ತೆ ಹಿಡ್ಕೊಳ್ತದೆ."

"ಪೂಜೇಲಿ ಇಟ್ಟಿದ್ದಮ್ಮ," ಎಂದರು ಮೆಲ್ಲಗೆ. "ನಾಳೆ ಹೊತ್ತು ನೋಡಿ ತಾನೆ ಎತ್ಬೇಕು. ನಲವತ್ತು ವರ್ಷದಲ್ಲಿ ನಾನು ಒಂದು ಸಲಾನೂ… ಬೇರೆ ಏನಾದ್ರೂ ದಾರಿ ಇಲ್ವಾ? ಒಂದು ದಿವ್ಸ ಎಲ್ಲಾ ಕೇಬಲ್ಲೂ ಕಿತ್ತು ಹಾಕಿ, ನಾಳೈಕ್ಕೆ ನೋಡ್ಕೊಳ್ಳೋಣ?"

"ನಾಳೆ ಉದ್ಘಾಟನೆ ಸಾರ್. ಐಸಿಯು ಇವತ್ತೇ ಇದೆ."

ಸರ್ವರ್ ರೂಮಿನ ಕಿಟಕಿ ಆಸ್ಪತ್ರೆಯ ಪೋರ್ಟಿಕೋ ಕಡೆಗಿತ್ತು. ಅಲ್ಲಿ ಆಂಬುಲೆನ್ಸು ನಿಂತಿತ್ತು. ಮುಂಭಾಗಕ್ಕೆ ಎರಡು ಬಾಳೆಕಂದು ಕಟ್ಟಿ, ಗಾಜಿಗೆ ಗಂಧದ ಬೊಟ್ಟು ಇಟ್ಟು, ಪೂಜೆ ಅರ್ಧ ಆಗಿತ್ತು. ಅಷ್ಟರಲ್ಲಿ ಯಾರೋ ಓಡಿಬಂದು ಡ್ರೈವರಿಗೆ ಏನೋ ಹೇಳಿದರು. ಆತ ಕೈಯಲ್ಲಿದ್ದ ಕರ್ಪೂರದ ತಟ್ಟೆಯನ್ನು ವಾಚ್‌ಮನ್ ಕೈಗೆ ಕೊಟ್ಟು, ಹತ್ತಿ ಕೂತು, ಸೈರನ್ ಹಾಕಿ ಹೊರಟೇಬಿಟ್ಟ. ಗೇಟಿನ ತಿರುವಿನಲ್ಲಿ ಒಂದು ಬಾಳೆಕಂದು ಕಳಚಿ ಬಿತ್ತು. ಅವನು ನಿಲ್ಲಿಸಲಿಲ್ಲ.

ಇಬ್ಬರೂ ನೋಡಿದೆವು. ಮ್ಯಾನೇಜರ್ ಎದ್ದು, ಪೆಟ್ಟಿಗೆಯ ಮುಂದೆ ಕೈಮುಗಿದು, ಹಾರವನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ಪವರ್ ಗುಂಡಿ ಒತ್ತಿದರು. ಅದು ಒಳಗೆ ಹೋಗಲಿಲ್ಲ. ಬೆಳಗ್ಗೆ ಭಕ್ತಿಯಿಂದ ಬಳಿದಿದ್ದ ಗಂಧ ಸಂದಿನೊಳಗೆ ಇಳಿದು ಒಣಗಿ, ಗುಂಡಿ ಕಲ್ಲಿನಂತೆ ಕಚ್ಚಿಕೊಂಡಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಹೋಗಿ ನರ್ಸುಗಳ ಹತ್ತಿರ ಸ್ಪಿರಿಟ್ಟು, ಹತ್ತಿ, ಒಂದು ಸೂಜಿ ತಂದೆ. ಅವರು ಕನ್ನಡಕ ಏರಿಸಿ ಗುಂಡಿಯ ಸುತ್ತ ಗಂಧ ಕೆದಕಿದರು. "ಕೊಡಿ ಸಾರ್," ಎಂದರೆ ಕೊಡಲಿಲ್ಲ. ಕೊನೆಗೂ ಗುಂಡಿ ಒಳಗೆ ಹೋಗಿ ಫ್ಯಾನು ತಿರುಗಿತು. ಒಂದೊಂದೇ ಕೇಬಲನ್ನು ಅದರದರ ಕಾರ್ಡಿಗೆ ನಾನು ಸೇರಿಸಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮಿಕ್ಕ ಹಗಲೆಲ್ಲ ಚಾಕರಿ. ಹುಳ ತೆಗೆಯುವ ಪುಟ್ಟ ಪ್ರೋಗ್ರಾಮನ್ನು ಸಿಡಿಗಳಿಗೆ ಬರೆದುಕೊಂಡು, ಎಲೆಕ್ಟ್ರಿಷಿಯನ್ ಅಣ್ಣನೂ ಸೇರಿ ಮೂವರೂ ಹಂಚಿಕೊಂಡೆವು. ಐಸಿಯು ಮೊದಲು, ಆಮೇಲೆ ಲ್ಯಾಬು, ಆಮೇಲೆ ವಾರ್ಡುಗಳು, ಬಿಲ್ಲಿಂಗ್ ಕೌಂಟರ್ ಕಟ್ಟಕಡೆಗೆ. ಪ್ರತಿ ಯಂತ್ರದಲ್ಲೂ ಒಂದೇ ಕ್ರಮ: ಕೇಬಲ್ ಕೀಳು, ಸಿಡಿ ಹಾಕು, ಹುಳ ತೆಗೆ, ಮುಚ್ಚಿ ತೆರೆ, ಇನ್ನೊಮ್ಮೆ ನೋಡು. ಒಂದು ವಿಭಾಗದ ಯಂತ್ರಗಳೆಲ್ಲ ಶುದ್ಧವಾದ ಮೇಲೆಯೇ ಆ ವಿಭಾಗದ ಕೇಬಲ್‌ಗಳನ್ನು ಸೇರಿಸುವುದು. ಒಂದು ವಾರ್ಡಿನಲ್ಲಿ ಅವಸರದ ನರ್ಸ್ ಒಬ್ಬರು ನಾವು ಹೇಳುವ ಮೊದಲೇ ಕೇಬಲ್ ಚುಚ್ಚಿದ್ದರಿಂದ ಆ ಮಹಡಿಯನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಎಲೆಕ್ಟ್ರಿಷಿಯನ್ ಅಣ್ಣ ಹೆಗಲ ಮೇಲೆ ಟವಲ್ ಹಾಕಿಕೊಂಡು, "ಇಂಗೆ ಮುಡಿಂಜಿತು ಮೇಡಂ, ಅಡುತ್ತದು?" ಎಂದು ಕೇಳುತ್ತಾ ಮಹಡಿ ಮಹಡಿ ಹತ್ತಿದರು. ಮುಗಿಯಿತು, ಮುಂದಿನದು ಯಾವುದು ಎಂದು ಆ ಮಾತಿನ ಅರ್ಥ. ಆ ದಿನ ಕೇಳಿದ ಅತಿ ಒಳ್ಳೆಯ ತಮಿಳು ಅದೇ. ಹೊತ್ತು ಇಳಿಯುವ ಮುಂಚೆ ಕೊನೆಯ ಯಂತ್ರ ಮುಗಿಯಿತು. ಯಾವ ರೋಗಿಗೂ ಅಪಾಯ ಆಗಿರಲಿಲ್ಲ. ಕಾಗದ ಹೊತ್ತು ಓಡಿದ ಆಯಾಗಳ ಪುಣ್ಯ.

ಆಮೇಲೆ ಮುಖ್ಯಸ್ಥೆಯ ಕೋಣೆಗೆ ಕರೆ ಬಂತು. ನಾವು ಹೋದಾಗ ಕಿರಿಯ ಡಾಕ್ಟರ್ ಅಲ್ಲಿ ನಿಂತಿದ್ದರು, ಬಾಡಿದ ಬಾಳೆ ಎಲೆಯ ಹಾಗೆ. ಯಾರ ಲ್ಯಾಪ್‌ಟಾಪಿನಿಂದ ಬಂತು ಎಂಬ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಮುಖ್ಯಸ್ಥೆ ದನಿ ಏರಿಸದೆ ಹೇಳಿದರು: ಆ ಡಾಕ್ಟರರ ಮೇಲೆ ಕ್ರಮ ಕೈಗೊಳ್ಳಲಾಗುವುದು. ವೈರ್‌ಲೆಸ್ ಬೇಡವೆಂದು ತಾವು ಮೊದಲೇ ಹೇಳಿದ್ದು. ನಾಳೆ ಬೆಳಗ್ಗೆ ಅತಿಥಿಗಳು ಬರುವ ಮುಂಚೆ ಎರಡೂ ಆ್ಯಂಟೆನಾ ಇಳಿದಿರಬೇಕು. ನಮ್ಮಿಬ್ಬರ ಮೇಲೆ ಅವರಿಗೆ ಯಾವ ದೂರೂ ಇಲ್ಲ. ಇವತ್ತು ಚೆನ್ನಾಗಿ ಕೆಲಸ ಮಾಡಿದ್ದೀರಿ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ಮ್ಯಾನೇಜರಿಗೆ ದೊಣ್ಣೆ ತಪ್ಪಿತ್ತು. ಸುಮ್ಮನಿದ್ದರೆ ಸಾಕು, ಇನ್ನು ಕೆಲವು ತಿಂಗಳಲ್ಲಿ ಶಾಲು ಹೊದಿಸಿಕೊಂಡು ಮನೆಗೆ ಹೋಗಬಹುದು. ಹೋಗುವುದು ಆ್ಯಂಟೆನಾ ಮಾತ್ರ, ಮತ್ತು ಒಬ್ಬ ಹುಡುಗ ಡಾಕ್ಟರರ ಹೆಸರು. ನಾನು ಬಾಯಿಬಿಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನಿಜಕ್ಕೂ ಬಿಡುತ್ತಿರಲಿಲ್ಲ. ಆ್ಯಂಟೆನಾ ಹೋದರೆ ಹೋಗಲಿ, ಈ ಮನುಷ್ಯ ತಲೆತಗ್ಗಿಸುವುದನ್ನು ನೋಡಲಾರೆ ಅನ್ನಿಸಿತ್ತು.

"ಎನ್ನೋಡ ತಪ್ಪು ಮೇಡಂ," ಎಂದರು ಅವರು. ತಪ್ಪು ನನ್ನದು. ಆಮೇಲಿನದನ್ನೂ ತಮಿಳಿನಲ್ಲೇ ಹೇಳಿದರು, ಒಂದೊಂದೇ ಮಾತು ಜೋಡಿಸಿ. "ಡಾಕ್ಟರ್ ತಂಬಿ ಮೇಲೆ ತಪ್ಪಿಲ್ಲ. ಯಾರ ಲ್ಯಾಪ್‌ಟಾಪ್ ಬಂದರೂ ತಡೆಯೋಕೆ ಅಂತಲೇ ಒಂದು ಪೆಟ್ಟಿಗೆ ಇಟ್ಟಿದ್ದೆ. ಇವತ್ತು ಪೂಜೆಗೆ ಅಂತ ನಾನೇ ಅದನ್ನ ಆರಿಸಿದೆ. ವೈರ್‌ಲೆಸ್ ಮೇಲೂ ತಪ್ಪಿಲ್ಲ. ಆ ಪೆಟ್ಟಿಗೆ ಇದ್ದಿದ್ದರೆ ಇದು ಆಗ್ತಾನೇ ಇರಲಿಲ್ಲ. ಕೇಬಲ್ ಇದ್ದರೂ ನಾನು ಹೀಗೆ ಮಾಡಿದ್ದರೆ ಇದೇ ಆಗ್ತಿತ್ತು. ಆ್ಯಂಟೆನಾ ಇಳಿಸಬೇಡಿ. ಅದು ಈ ಹುಡುಗಿ ಮಳೇಲಿ ನಿಂತು ಕಟ್ಟಿದ್ದು."

ಮುಖ್ಯಸ್ಥೆ ಅವರನ್ನು ನೋಡುತ್ತಾ ಕೂತರು. "ಪೂಜೆಗೆ?" ಎಂದು ಒಮ್ಮೆ ಕೇಳಿದರು.

"ಆಮಾಂ ಮೇಡಂ."

"ನನ್ನ ಆಪರೇಷನ್ ಥಿಯೇಟರಿನಲ್ಲೂ ಇವತ್ತು ಪೂಜೆ ಆಯಿತು, ಸಾರ್," ಎಂದರು ಮುಖ್ಯಸ್ಥೆ. "ತುರ್ತಿಗೆಂದು ಒಂದು ಸೆಟ್ ಕತ್ತರಿ ಮಾತ್ರ ಪೂಜೆಯಿಂದ ಹೊರಗೆ ಇಟ್ಟಿದ್ದೆವು."

ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ವರ್ಷ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಆವತ್ತು ಸಾರ್ ಎಂದರು. ಆಮೇಲೆ ಡಾಕ್ಟರಿಗೆ ಹೋಗಲು ಹೇಳಿ, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಆ್ಯಂಟೆನಾ ಇರಲಿ, ನಾಳೆ ನಡೆಯಲಿ. ಇವತ್ತಿನಿಂದ ಆ ಪೆಟ್ಟಿಗೆ ನಿನ್ನ ಕೈಯಲ್ಲಿರಲಿ, ನಿನ್ನೊಬ್ಬಳ ಕೈಯಲ್ಲಿ. ನಾನು ಮ್ಯಾನೇಜರ್ ಮುಖ ನೋಡಿದೆ. ಅವರು "ಶರಿ ಮೇಡಂ," ಎಂದರು, ನನಗೆ ಹೇಳಿದ ಮಾತಿಗೆ ನನಗಿಂತ ಮುಂಚೆ.

ಇಬ್ಬರೂ ಮೆಟ್ಟಿಲಿಳಿದೆವು. ಸರ್ವರ್ ರೂಮಿಗೆ ಬಂದು ಅವರು ಕೀಬೋರ್ಡನ್ನು ನನ್ನ ಕಡೆಗೆ ತಳ್ಳಿದರು.

"ಪಾಸ್‌ವರ್ಡ್ ಮಾತ್ತಿಡಮ್ಮ," ಎಂದರು. ಬದಲಾಯಿಸು ಎಂದರ್ಥ.

"ಸಾರ್, ಬದಲಾಯಿಸಿ ನಿಮಗೆ ಹೇಳ್ತೀನಿ. ಯಾರಿಗೇನು ಗೊತ್ತಾಗತ್ತೆ?"

"ಬೇಡ. ಗೊತ್ತಿದ್ರೆ ಸುಮ್ನೆ ಇರ್ತೀನಾ ನಾನು? ಅಪ್ಪುರಂ ಇನ್ನೊಂದು ಹಬ್ಬಕ್ಕೆ ಇನ್ನೇನಾದ್ರೂ ಮಾಡ್ಬಿಡ್ತೀನಿ." ನಗಲು ನೋಡಿದರು.

ಪ್ಲಗ್ಗು ಕೀಳುವುದಕ್ಕೆ ಪಾಸ್‌ವರ್ಡ್ ಬೇಕಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಕೂತೆ. ಆ ಪೆಟ್ಟಿಗೆಯ ಪ್ರತಿಯೊಂದು ಸ್ಕ್ರೂ ತಿರುಗಿಸಿದ್ದು ಅವರ ಕೈ, ಪ್ರತಿಯೊಂದು ಸಾಲು ಬರೆದದ್ದು ಅವರ ಬುದ್ಧಿ. ಹಳೆಯ ಪಾಸ್‌ವರ್ಡ್ ಕೇಳಿದಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಅದು ಅವರ ಮನೆದೇವರ ಹೆಸರು. ಹೊಸದನ್ನು ಹಾಕಲು ಪರದೆ ಕೇಳಿತು.

ಅವರು ಎದ್ದು, ಗೋಡೆಯ ಕಡೆಗೆ ಮುಖ ಮಾಡಿ ನಿಂತರು.

ನಾನು ಟೈಪ್ ಮಾಡಿದೆ. ಖಚಿತಪಡಿಸಲು ಇನ್ನೊಮ್ಮೆ ಕೇಳಿತು, ಇನ್ನೊಮ್ಮೆ ಟೈಪ್ ಮಾಡಿದೆ. ಕೀಬೋರ್ಡಿನ ಅಕ್ಷರಗಳು ಮಸುಕಾಗಿ ಕಂಡು ಒಮ್ಮೆ ತಪ್ಪಾಯಿತು, ಮೊದಲಿನಿಂದ ಮಾಡಬೇಕಾಯಿತು.

"ಆಯ್ತಾಮ್ಮ?" ಎಂದರು.

"ಆಯ್ತು ಸಾರ್."

ಆದರೂ ಅವರು ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.